ಏಳನೆಯ ಉಣ್ಣೆ

ಗಡಿಯಾರ ರಿಪೇರಿಯವನು ಅಂಗಡಿಯ ಚಿಮಟದಿಂದ ನಾಯಿಯ ಹೊಟ್ಟೆಯ ಉಣ್ಣೆಹುಳಗಳನ್ನು ಕೀಳುತ್ತಿದ್ದ. ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆದರೆ ಹುಳದ ಬಾಯಿ ಒಳಗೆ ಉಳಿಯುವುದಿಲ್ಲ. ಆರು ಸಲೀಸಾಗಿ ಬಂದವು. ಏಳನೆಯದು ಮಾತ್ರ ಜಗ್ಗಲಿಲ್ಲ. ಮತ್ತೆ ಎಳೆದ. ನಾಯಿ ಕುಂಯ್‌ಗುಟ್ಟಿ ಅವನ ಕೈ ನೆಕ್ಕಿತು.

"ಅಯ್ಯೋ, ಬಿಡ್ರೀ! ಅದು ಉಣ್ಣೆ ಅಲ್ಲ, ಪಾಪ, ಅದರ ಮೊಲೆತೊಟ್ಟು!" ಹೆಂಡತಿ ಬಿದ್ದು ಬಿದ್ದು ನಕ್ಕಳು. "ವಾಚಿನೊಳಗೆ ಕೂದಲಿನಂಥ ಸ್ಪ್ರಿಂಗ್ ಕೂರಿಸೋ ಕಣ್ಣು ಅಂತೆ ಇದು!"

ಅವನು ನಗಲಿಲ್ಲ. ಆರು ತಿಂಗಳಿಂದ ಸ್ಪ್ರಿಂಗನ್ನೂ ಬೆರಳಿನ ಅಂದಾಜಿನಲ್ಲೇ ಕೂರಿಸುತ್ತಿದ್ದ. ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಕೆಂಪಾದ ತೊಟ್ಟಿನ ಸುತ್ತ ಮೆಲ್ಲಗೆ ಸವರಿದ.

"ನಾಳೆಯಿಂದ ಅಂಗಡಿ ತೆಗೆಯಲ್ಲ ಕಣೇ. ನಾಯಿ ಕೂಗ್ತು, ಗೊತ್ತಾಯ್ತು. ಗಡಿಯಾರ ಕೂಗಲ್ವಲ್ಲ."

ಹೆಂಡತಿಯ ನಗು ನಿಂತಿತು. ಅವಳು ಪಕ್ಕದಲ್ಲಿ ಕುಳಿತು, ಉಳಿದ ಉಣ್ಣೆಗಳನ್ನು ತಾನೇ ಹುಡುಕತೊಡಗಿದಳು.