ಬರ್ತೀನಿ ಅಂದವರ ಬಾಗಿಲು

ತಿರುಮಲೇಶ ಬರೆದ ಪ್ರೋಗ್ರಾಂ ಕೈಕೊಟ್ಟರೆ ನನಗೆ ಎಲ್ಲಿಲ್ಲದ ಸಿಟ್ಟು. ನನ್ನದು ಕೈಕೊಟ್ಟರೆ ಅದು ಬೇರೆ ಮಾತು. ಯಲಬುರ್ಗಾದ ಬಾಡಿಗೆ ಟ್ರ್ಯಾಕ್ಟರ್ ಕೇಂದ್ರದಲ್ಲಿ ನಾವಿಬ್ಬರೇ ಕಂಪ್ಯೂಟರಿನವರು. ರೈತರು ಬಿತ್ತನೆಯ ಟ್ರ್ಯಾಕ್ಟರಿಗೆ ಸರದಿ ಹಚ್ಚಲು ಊರೂರಿಗೆ ಇಟ್ಟ ಯಂತ್ರಗಳ ಪ್ರೋಗ್ರಾಂ ನನ್ನದು. ಆ ಯಂತ್ರಗಳು ಮಾತಾಡುವ ಲಿನಕ್ಸ್ ಸರ್ವರ್‌ನ ಪ್ರೋಗ್ರಾಂ ಅವನದು.

ಜೂನಿನ ಮೊದಲ ದೊಡ್ಡ ಮಳೆ ನಿಂತ ಮೂರನೇ ದಿನ, ಎರೆಹೊಲ ಕಾಲಿಗೆ ಅಂಟದಷ್ಟು ಹದವಾದಾಗ, ಇಡೀ ತಾಲ್ಲೂಕು ಒಮ್ಮೆಲೇ ಟ್ರ್ಯಾಕ್ಟರ್ ಕೇಳಿತು. ಸರ್ವರ್ ಸ್ತಬ್ಧವಾಯಿತು. ರೀಸ್ಟಾರ್ಟ್ ಮಾಡಿದರೆ ಅರ್ಧ ತಾಸು ನಡೆದು ಮತ್ತೆ ನಿಲ್ಲುತ್ತಿತ್ತು, ಹಚ್ಚಿದ ಸರದಿಯೆಲ್ಲ ಅಳಿಸಿಹೋಗುತ್ತಿತ್ತು.

ಹೀಗೆ ಎರಡು ಸಲ ಸರದಿ ಕಳೆದುಕೊಂಡ ರೈತ ಹೆಣ್ಣುಮಗಳು ಮಾರೆವ್ವ ಬಸ್ಸು ಹತ್ತಿ ನಮ್ಮಲ್ಲಿಗೇ ಬಂದಳು.

"ಇವತ್ತೊಂದಿನ ಹದ ಐತಿ. ನಾಳಿಗೆ ಎರಿ ಬಿಗೀತೈತಿ. ಹೆಸರುಕಾಳು ಹೊಲಕ್ಕ ಬೀಳಬೇಕೋ, ಚೀಲದಾಗ ಇರಬೇಕೋ?"

ಅವಳನ್ನು ಕೂರಿಸಿ ತೆರೆದ ಸಂಪರ್ಕಗಳನ್ನು ನೋಡಿದೆ. ಸರ್ವರ್ ಒಮ್ಮೆಗೆ ತೆರೆದಿಡಬಲ್ಲ ಸಾವಿರದ ಇಪ್ಪತ್ತನಾಲ್ಕರ ಮಿತಿ ತುಂಬಿಹೋಗಿತ್ತು. ಬಹುತೇಕ ಎಲ್ಲದರ ಮುಂದೆ 'ಕ್ಲೋಸ್ ವೇಟ್' ಎಂದಿತ್ತು. ಅಂದರೆ ಆ ಕಡೆಯವರು ಫೋನು ಇಟ್ಟಾಗಿದೆ, ನಾವು ಮಾತ್ರ ರಿಸೀವರ್ ಹಿಡಿದು ಕೂತಿದ್ದೇವೆ.

"ಯಾಕ ಮುಚ್ಚಿಲ್ಲೋ?" ಎಂದು ತಿರುಮಲೇಶನ ಮೇಲೆ ಹರಿಹಾಯ್ದೆ.

"ನೀವು ಕೊಟ್ಟ ಪಟ್ಟಿ ನೋಡೇ ಬರದೀನ್ರಿ," ಎಂದ. ಯಂತ್ರಗಳು ಸರ್ವರ್ ಜೊತೆ ಆಡಬೇಕಾದ ಮಾತುಗಳನ್ನು ಕನ್ನಡದಲ್ಲೇ ಇಡಬೇಕೆಂದು ಹಟ ಹಿಡಿದು ಪಟ್ಟಿ ಕೊಟ್ಟವಳು ನಾನೇ.

ಕಾದು ಬೇಸತ್ತ ಮಾರೆವ್ವ ಎದ್ದಳು. "ಬರ್ತೀನವಾ ಮೆಹಜಬೀನ," ಎಂದು ಬಾಗಿಲ ಕಡೆ ನಡೆದಳು.

ತಿರುಮಲೇಶ ಪರದೆಯಿಂದ ತಲೆ ಎತ್ತದೆ, "ಬರ್ರಿ, ಕೂಡ್ರಿ," ಎಂದ.

"ಆಕಿ ಹೊಂಟಾಳೋ," ಎಂದೆ. ಹಾಗೆನ್ನುತ್ತಲೇ ಪಟ್ಟಿಯ ಕೊನೆಯ ಮಾತು ನೆನಪಾಯಿತು. "ಯಂತ್ರ 'ಬರ್ತೀನಿ' ಅಂದಾಗ ಏನ್ ಮಾಡ್ತಿ?"

"ಬರ್ತೀನಿ ಅಂದವರಿಗೆ ಬಾಗಿಲಾ ಹಾಕೂದು ಹ್ಯಾಂಗ್ರಿ? ಬರ್ಲಿ ಅಂತ ತೆರದಿಟ್ಟೀನಿ."

ನನಗೆ ನಗು ತಡೆಯಲಾಗಲಿಲ್ಲ. ಮಾರೆವ್ವನೂ ಹೊಸ್ತಿಲಲ್ಲಿ ನಿಂತು ವಿಷಯ ಕೇಳಿ ನಕ್ಕಳು. ಪೆಚ್ಚಾದ ತಿರುಮಲೇಶ, ಆ ಮಾತನ್ನೇ 'ಹೋಗ್ತೀನಿ' ಎಂದು ಬದಲಿಸೋಣವೆಂದ.

"ಬಿತ್ತೂ ದಿನ ಹೋಗ್ತೀನಿ ಅಂತಾರೇನಪಾ?" ಮಾರೆವ್ವ ಗದರಿದಳು. "ಮಾತು ಹಂಗ ಇರಲಿ. ನೀ ತಿಳ್ಕೋ."

ಅವನು ತಿಳಿದುಕೊಂಡ. 'ಬರ್ತೀನಿ' ಅಂದೊಡನೆ ಸಂಪರ್ಕ ಮುಚ್ಚುವಂತೆ ಒಂದೇ ಸಾಲು ತಿದ್ದಿ ಕೊನೆಯ ಸಲ ರೀಸ್ಟಾರ್ಟ್ ಮಾಡಿದೆವು. ಸರದಿಯಲ್ಲಿ ಮೊದಲು ಮಾರೆವ್ವನ ಹೆಸರು ಹಚ್ಚಿದೆ. ಒಂದು ತಾಸಾದರೂ ತೆರೆದ ಸಂಪರ್ಕ ಇಪ್ಪತ್ತು ದಾಟಲಿಲ್ಲ. ಖುಷಿಗೆ ಅವನಿಗೂ ನನ್ನ ದುಡ್ಡಲ್ಲೇ ಮಿರ್ಚಿ ಭಜಿ ತರಿಸಿದೆ. ಸಂಜೆಯೊಳಗೆ ಮಾರೆವ್ವನ ಹೊಲ ಬಿತ್ತಿ ಮುಗಿದಿತ್ತು.

ಆಗಸ್ಟ್ ಕೊನೆಗೆ ಅವಳು ಸೆರಗಿನಲ್ಲಿ ಹೊಸ ಹೆಸರುಕಾಳು ಕಟ್ಟಿಕೊಂಡು ಒಳಗೆ ಬಂದಳು. "ಬರ್ತೀನಿ ಅಂದಿದ್ನಲ್ಲ."

ತಿರುಮಲೇಶ ನನ್ನತ್ತ ತಿರುಗಿದ. "ನೋಡ್ರಿ ಮತ್ತ. ನಾ ಬಾಗಿಲಾ ತೆರದಿಟ್ಟಿದ್ದು ತಪ್ಪೇನು?"

ಅವತ್ತು ಮಾತ್ರ ನನಗೆ ಅವನನ್ನು ಬೈಯಲಾಗಲಿಲ್ಲ.