ಬದಲಾದ ಡಯಲ್

ಹಲ್ಲಿನ ಡಾಕ್ಟರಿಗೆ ಹಳೇ ವಾಚುಗಳ ಹುಚ್ಚು. ಎಲ್ಲಿಗೆ ಕೊಳ್ಳಲು ಹೊರಟರೂ ತಮ್ಮ ವಾಚು ರಿಪೇರಿಯವರನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಮೂವತ್ತೈದು ವರ್ಷ ವಾಚುಗಳ ಹೊಟ್ಟೆ ಬಗೆದು ನೋಡಿದ ಮನುಷ್ಯನ ಕಣ್ಣಿಗೆ ಮಣ್ಣೆರಚಲು ಯಾರಿಗೂ ಆಗದು ಎಂದು ಅವರ ನಂಬಿಕೆ.

"ಮಾರೋರ ಮುಂದೆ ಬಾಯಿ ಬಿಡಬೇಡಿ," ಎಂದರು ಡಾಕ್ಟರು ಮೆಟ್ಟಿಲು ಹತ್ತುತ್ತಾ. "ಅಸಲಿ ಆದ್ರೆ ಕಿವಿ ಮುಟ್ಕೊಳ್ಳಿ. ನಕಲಿ ಆದ್ರೆ ಮೂಗು."

"ನೆಗಡಿ ಆಗಿದೆ ಡಾಕ್ಟ್ರೇ. ಮೂಗು ಹೇಗಿದ್ರೂ ಮುಟ್ಕೊಳ್ತೀನಿ."

ಮೂರನೇ ಮಹಡಿಯ ಆ ಮನೆ ನಿವೃತ್ತ ನರ್ಸೊಬ್ಬರದು. ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗದೆ, ಕೆಳಗಿನ ಬೀದಿಯಲ್ಲೊಂದು ಒಂಟಿಕೋಣೆ ಹಿಡಿದಿದ್ದರು. ಅಲ್ಲಿ ಜಾಗವಿಲ್ಲವೆಂದು ಅರ್ಧ ಸಾಮಾನು ಮಾರಿಯಾಗಿತ್ತು. ಬೀರುವಿದ್ದ ಕಡೆ ಗೋಡೆಯ ಮೇಲೆ ಬಣ್ಣ ಮಾಸದ ಚೌಕವೊಂದು ಉಳಿದಿತ್ತು. ಆಕೆ ಕರವಸ್ತ್ರದ ಗಂಟು ಬಿಚ್ಚಿ ವಾಚನ್ನು ಮೇಜಿನ ಮೇಲಿಟ್ಟರು.

"ಅಪ್ಪಂದು. ಹಡಗಲ್ಲಿ ತಂತಿ ಕಳಿಸೋ ಕೆಲಸ ಅವರದು. ಮೊದಲ ಸಂಬಳದಲ್ಲಿ ತಗೊಂಡಿದ್ದು."

ರಿಪೇರಿಯವರು ಕಿಟಕಿಯ ಬೆಳಕಿಗೆ ಸರಿದು ಕೂತು, ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡರು. ಮೊದಲು ಕೀ ಕೊಟ್ಟು ಕಿವಿಗೆ ಹಿಡಿದರು. ಬಡಿತ ಸಮವಾಗಿತ್ತು. ಕೇಸಿನ ಅಂಚುಗಳನ್ನು ಬೆರಳಲ್ಲಿ ಸವರಿದರು. ಪಾಲಿಶ್ ಹಾಕಿ ಹಾಕಿ ಕೊಂಚ ದುಂಡಗಾಗಿದ್ದವು, ಅದೇನು ದೊಡ್ಡ ದೋಷವಲ್ಲ. ಆಮೇಲೆ ಡಯಲ್. ಅಂಕಿಗಳು ಒಂದು ಕೂದಲೆಳೆಯಷ್ಟು ದಪ್ಪ. ನಿಮಿಷದ ಗೆರೆಗಳಲ್ಲಿ ಒಂದೆರಡು ಅಂಚು ದಾಟಿದ್ದವು. ಮುಳ್ಳುಗಳ ಮೇಲಿನ, ಕತ್ತಲಲ್ಲಿ ಹೊಳೆಯುವ ಲೇಪ ಮಣ್ಣಿನ ಬಣ್ಣಕ್ಕೆ ತಿರುಗಿದ್ದರೆ, ಅಂಕಿಗಳ ಪಕ್ಕದ ಅದೇ ಲೇಪದ ಚುಕ್ಕಿಗಳು ಹಾಲಿನಂತೆ ಬಿಳಿ. ಒಟ್ಟಿಗೆ ಹುಟ್ಟಿದವು ಹೀಗೆ ಬೇರೆ ಬೇರೆಯಾಗಿ ಮುದಿಯಾಗುವುದಿಲ್ಲ. ಯಾರೋ ಹೊಸದಾಗಿ ಬಣ್ಣ ಬಳಿದು ಬರೆದ ಡಯಲ್ ಅದು.

ಮೂಗು ಮುಟ್ಟಿಕೊಳ್ಳುವ ಮೊದಲು ಹಿಂಬದಿಯ ಮುಚ್ಚಳವನ್ನೂ ನೋಡಿಬಿಡೋಣವೆಂದು ತಿರುಗಿಸಿ ತೆಗೆದರು. ವಾಚು ಬಿಚ್ಚಿದವರು ಮುಚ್ಚಳದ ಒಳಗೆ ಸೂಜಿಯಿಂದ ತಾರೀಖು, ಗುರುತು ಕೆತ್ತುವುದು ಆ ಕಸುಬಿನ ರೂಢಿ. ಅಲ್ಲಿ ನಾಲ್ಕು ಗುರುತುಗಳಿದ್ದವು. ನಾಲ್ಕೂ ಒಂದೇ ಕೈಯವು. ತಾರೀಖಿನ ಕೊನೆಗೊಂದು ಕೊಕ್ಕೆಯಂಥ ಬಾಲ.

ಆ ಬಾಲ ಅವರದೇ.

ಇಪ್ಪತ್ತಾರು ವರ್ಷದ ಹಿಂದೆ ಅವರು ರೈಲು ನಿಲ್ದಾಣದ ಮೂಲೆಯಲ್ಲಿದ್ದ ಮಾವನ ಅಂಗಡಿಯಲ್ಲಿ ಕೂರುತ್ತಿದ್ದರು. ಬಟ್ಟೆ ವ್ಯಾಪಾರಿಯೊಬ್ಬ ಇದೇ ಬಗೆಯ ವಾಚು ತಂದಿದ್ದ, ನೀರು ಕುಡಿದು ಡಯಲ್ ಕೊಳೆತುಹೋಗಿತ್ತು. "ಅಸಲಿ ಡಯಲ್ ಹುಡುಕಿ ಹಾಕು, ಕೇಳಿದ್ದು ಕೊಡ್ತೀನಿ," ಎಂದಿದ್ದ. ಅದೇ ವಾರ ಹಡಗಿನವರ, ಅಂದರೆ ಈ ನರ್ಸಮ್ಮನ ಅಪ್ಪನ, ವಾಚು ಎಣ್ಣೆ ಹಾಕಿಸಲು ಬಂತು. ಒಂದು ಮಚ್ಚೆಯೂ ಇಲ್ಲದ ಡಯಲ್. ಒಂದು ಮಧ್ಯಾಹ್ನ ಮಾವ ಊಟಕ್ಕೆ ಹೋದಾಗ ಎರಡನ್ನೂ ಅದಲುಬದಲು ಮಾಡಿದರು. ಕೊಳೆತದ್ದಕ್ಕೆ ಬಣ್ಣ ಬರೆಸಿ ಹಡಗಿನವರ ವಾಚಿಗೆ ಕೂರಿಸಿದರು.

"ಡಯಲ್ ತೊಳೆದಿದೀನಿ ಸಾರ್, ಹೊಸದರ ಹಾಗಾಗಿದೆ," ಎಂದಿದ್ದರು.

ಹಡಗಿನವರು ಹಿಗ್ಗಿ ಹೀರೇಕಾಯಿಯಾಗಿದ್ದರು. "ನಿಮ್ಮ ಅಳಿಯನ ಕೈ ಚಿನ್ನದಂಥಾದ್ದು," ಎಂದು ಮಾವನ ಮುಂದೆ ಹೊಗಳಿದ್ದರು. ಆಮೇಲೆ ಮೂರು ಸಲ ಬಂದರು. ಮೂರು ಸಲವೂ ಅದೇ ಮಾತು.

"ಏನಂತೀರಿ?" ಕಿವಿ ಮೂಗಿನ ಒಪ್ಪಂದ ಮರೆತು ಡಾಕ್ಟರು ಕೇಳಿಯೇಬಿಟ್ಟರು.

"ಮಷಿನ್ ಅಸಲಿ. ಕೇಸೂ ಅಸಲಿ. ಡಯಲ್ ಮಾತ್ರ..." ರಿಪೇರಿಯವರು ಕಣ್ಣಿನಿಂದ ಲೆನ್ಸ್ ತೆಗೆದರು. "ಡಯಲ್ ಈ ವಾಚಿಂದಲ್ಲ."

"ಸಾಧ್ಯಾನೇ ಇಲ್ಲ," ಎಂದರು ನರ್ಸಮ್ಮ. "ಅಪ್ಪ ಒಂದು ಅಂಗಡಿ ಬಿಟ್ರೆ ಬೇರೆ ಕಡೆ ಕೊಟ್ಟೋರೇ ಅಲ್ಲ. ಸ್ಟೇಷನ್ ಮೂಲೇಲಿತ್ತು. ಅಲ್ಲೊಬ್ಬ ಇದ್ದ, ಅವನ ಕೈಗೆ ಕೊಟ್ರೆ ಕಣ್ಣು ಮುಚ್ಕೊಂಡಿರಬಹುದು ಅಂತಿದ್ರು."

ರಿಪೇರಿಯವರು ಮುಚ್ಚಳವನ್ನು ತಿರುಗಿಸುತ್ತಾ ಕೂತರು. ಎಷ್ಟು ತಿರುಗಿಸಿದರೂ ತಿರುಪು ಹಿಡಿಯಲಿಲ್ಲ.

ಆಕೆಯ ಹುಬ್ಬು ಗಂಟಿಕ್ಕಿತು. "ಅಪ್ಪ ಹೋದ ಮೇಲೆ ಎರಡು ವರ್ಷ ನನ್ನ ತಮ್ಮನ ಹತ್ರ ಇತ್ತು. ಕೇಳಿ ಕೇಳಿ ವಾಪಸ್ ಇಸ್ಕೊಂಡೆ. ಅವನೇ ಮಾರ್ಕೊಂಡಿದಾನೆ. ಇನ್ಯಾರು?"

"ಯಾವಾಗ ಆಗಿದ್ದು ಅಂತ ಹೇಳೋಕಾಗಲ್ಲಮ್ಮ," ಎಂದರು ರಿಪೇರಿಯವರು. ಹೇಳಲು ಆಗುತ್ತಿತ್ತು. ತಾರೀಖಿನ ಸಮೇತ ಆಗುತ್ತಿತ್ತು.

ಡಾಕ್ಟರು ಮೊದಲು ಮನಸ್ಸಿನಲ್ಲಿಟ್ಟುಕೊಂಡಿದ್ದ ಬೆಲೆಯ ಮೂರನೇ ಒಂದು ಪಾಲು ಹೇಳಿದರು. ಆಕೆ ಯೋಚಿಸಿ ತಿಳಿಸುತ್ತೇನೆಂದರು. ಬಾಗಿಲು ಹಾಕಿಕೊಳ್ಳುವಾಗ ವಾಚಿನ ಕಡೆ ನೋಡಲೇ ಇಲ್ಲ.

"ನಿಮ್ಮ ಕಣ್ಣು ನನ್ನ ಬಚಾವ್ ಮಾಡ್ತು," ಎಂದು ಡಾಕ್ಟರು ಬೆನ್ನು ತಟ್ಟಿದರು. ತಟ್ಟಿದ ಜಾಗ ಮನೆ ತಲುಪುವವರೆಗೂ ಉರಿಯಿತು.

ಮಧ್ಯಾಹ್ನ ರಿಪೇರಿಯವರು ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದರು. ಹೆಂಡತಿ ಎರಡು ಸಲ ಕೇಳಿದ ಮೇಲೆ ಎಲ್ಲ ಹೇಳಿದರು. ಹಡಗಿನವರನ್ನು ಆಕೆಯೂ ಬಲ್ಲಳು.

"ಆಗಲೇ ಗೊತ್ತಾಗಿದ್ರೆ ಅಪ್ಪ ನಿಮ್ಮನ್ನ ಅಂಗಡಿಯಿಂದ ಓಡಿಸ್ತಿದ್ರು," ಎಂದಳು. "ಈಗ ಓಡಿಸೋಕೆ ಯಾರೂ ಇಲ್ಲ. ನೀವಾಗೇ ಹೋಗಬೇಕು."

"ಹೋಗಿ ಏನಂತ ಹೇಳ್ಲಿ?"

"ನನಗೆ ಹೇಳಿದ್ರಲ್ಲ, ಅದನ್ನೇ."

ಮರುದಿನ ಬೆಳಿಗ್ಗೆ ಅಂಗಡಿ ತೆರೆಯದೆ ಮೂರು ಮಹಡಿ ಹತ್ತಿದರು. ನರ್ಸಮ್ಮ ಪಾತ್ರೆಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದರು. ಕಣ್ಣು ಕೆಂಪಗಿತ್ತು.

"ಆ ಅಂಗಡಿಯವನು ನಾನೇ," ಎಂದರು ರಿಪೇರಿಯವರು, ನಿಂತಲ್ಲೇ. "ಡಯಲ್ ತೆಗೆದಿದ್ದೂ ನಾನೇ. ನಿಮ್ಮ ತಮ್ಮ ಅಲ್ಲ."

ಮುಚ್ಚಳ ತೆಗೆದು ಲೆನ್ಸ್ ಕೊಟ್ಟು ಗುರುತು ತೋರಿಸಿದರು. ಒಂದು ಚೀಟಿಯ ಮೇಲೆ ಅದೇ ಬಾಲವನ್ನು ಬರೆದು ಮುಚ್ಚಳದ ಪಕ್ಕದಲ್ಲಿಟ್ಟರು. ಬಟ್ಟೆ ವ್ಯಾಪಾರಿ ಸತ್ತು ಎಷ್ಟೋ ವರ್ಷವಾಯಿತು, ಅವನ ವಾಚು ಈಗ ಎಲ್ಲಿದೆಯೋ ಗೊತ್ತಿಲ್ಲ, ಆಗಿರುವ ನಷ್ಟ ತುಂಬಿಕೊಡುತ್ತೇನೆ ಎಂದರು.

ಆಕೆ ಚೀಟಿಯನ್ನೂ ಮುಚ್ಚಳವನ್ನೂ ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನಿನ್ನೆ ಸಂಜೇನೇ ಅವನಿಗೆ ಫೋನ್ ಮಾಡ್ಬಿಟ್ಟೆ," ಎಂದರು. "ಕಳ್ಳ ಅಂದೆ. ಅಪ್ಪನ ಹೆಸರಿಗೆ ಮಸಿ ಬಳಿದೆ ಅಂದೆ. ನಿನ್ನೆ ನೀವು ಇಲ್ಲೇ, ಈ ಕುರ್ಚಿ ಮೇಲೇ ಕೂತಿದ್ರಿ."

"ಹೌದಮ್ಮ."

"ಒಂದು ಮಾತು ಆಡೋಕೆ ಆಗಲಿಲ್ವಾ ನಿಮಗೆ?"

ಆಕೆ ಫೋನೆತ್ತಿ ನಂಬರ್ ಒತ್ತಿ ಅವರ ಕೈಗೆ ಕೊಟ್ಟರು. "ನಂಗೆ ಹೇಳಿದ್ದು ಸಾಕು. ಅವನಿಗೆ ಹೇಳಿ."

ತಮ್ಮ ಎಲ್ಲವನ್ನೂ ನಡುವೆ ಬಾಯಿ ಹಾಕದೆ ಕೇಳಿದ. ಕೊನೆಗೆ, "ನಿಮ್ಮ ಮೇಲೆ ನಂಗೇನೂ ಇಲ್ಲ ಸಾರ್," ಎಂದ. "ನೀವು ಯಾರೋ, ನಾನ್ಯಾರೋ. ಯಾರೋ ಒಬ್ರು ಡಯಲ್ ಸರಿಯಿಲ್ಲ ಅಂದ ತಕ್ಷಣ ಅಕ್ಕ ನಂಬಿದಳಲ್ಲ. ಅದನ್ನ ನೀವು ರಿಪೇರಿ ಮಾಡೋಕಾಗಲ್ಲ."

ಫೋನಿನ ಸದ್ದು ದೊಡ್ಡದು. ಅಕ್ಕನಿಗೂ ಕೇಳಿಸಿತ್ತು. ಆಕೆ ಕೈಯಲ್ಲಿದ್ದ ಲೋಟವನ್ನು ಪೇಪರಿನಲ್ಲಿ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ದುಡ್ಡೇನೂ ಬೇಡ," ಎಂದರು. "ನೀವು ಹೊರಡಿ."

ಡಾಕ್ಟರಿಗೂ ರಿಪೇರಿಯವರೇ ಹೇಳಿದರು. ವಾರದೊಳಗೆ ಡಾಕ್ಟರು ಅಂಗಡಿಗೆ ಬಂದು, ರಿಪೇರಿಗೆ ಬಿಟ್ಟಿದ್ದ ಎರಡು ವಾಚುಗಳನ್ನು ಆದಷ್ಟಕ್ಕೇ ಸಾಕೆಂದು ತೆಗೆದುಕೊಂಡರು. ಹೋಗುವ ಮುಂಚೆ ಬಾಗಿಲಲ್ಲೇ ನಿಂತು, ಎರಡರ ಮುಖವನ್ನೂ ಬೆಳಕಿಗೆ ಹಿಡಿದು ನೋಡಿದರು. ಬೇಕೆಂದೇ ಮಾಡಿದ್ದಲ್ಲ, ಕೈ ತಾನಾಗಿ ಎತ್ತಿತ್ತು. ರಿಪೇರಿಯವರು ತಮ್ಮನ್ನೇ ನೋಡುತ್ತಿರುವುದನ್ನು ಕಂಡು ನಾಚಿ, ಸರಸರ ಮೆಟ್ಟಿಲಿಳಿದರು.

ಎರಡು ತಿಂಗಳ ಮೇಲೆ ನರ್ಸಮ್ಮನ ಫೋನ್ ಬಂತು. "ವಾಚು ಮಾರಲಿಲ್ಲ," ಎಂದರು. "ತಮ್ಮ ನಿನ್ನೆ ಬಂದಿದ್ದ. ಹೊಸ ಕೋಣೇಲಿ ಅರ್ಧ ಗಂಟೆ ಕೂತಿದ್ದ. ಊಟಕ್ಕೆ ನಿಲ್ಲಲಿಲ್ಲ."

ರಿಪೇರಿಯವರು ಕೈಯಲ್ಲಿದ್ದ ವಾಚನ್ನು ಕೆಳಗಿಟ್ಟರು.

"ನಿಮಗೆ ತಿಳಿಸಬೇಕು ಅನ್ನಿಸ್ತು," ಎಂದು ಆಕೆ ಫೋನ್ ಇಟ್ಟರು.