ಮೇಜಿನ ಮೂಗು

ಗ್ಲಾಸಿನ ತಳದಲ್ಲಿ ಎರಡು ಬೆರಳಷ್ಟು ಕೆಂಪು, ಅದರೊಳಗೆ ದೀಪದ ಒಂದು ಚೂರು, ವೇಟರ್ ಬಾಟಲಿ ಹಿಡಿದು ಕಾಯುತ್ತಿದ್ದಾನೆ, ನಾನು ಹೂಂ ಅಂದರೆ ಉಳಿದವರಿಗೂ ಸುರಿಯುತ್ತಾನೆ, ಇದು ಮೂರನೆಯ ವೈನು, ಹಿಂದಿನ ಎರಡಕ್ಕೂ ಹೂಂ ಅಂದವಳು ನಾನೇ, ನೀನಿರೋವಾಗ ನಾವ್ಯಾಕೆ ಮೂಸಬೇಕು, ನೀನೇ ಈ ಮೇಜಿನ ಮೂಗು ಅಂತ ಯಜಮಾನರು ನಗುತ್ತಾರೆ, ಕೆಲಸದಲ್ಲಿ ಯಜಮಾನರು, ಊಟಕ್ಕೆ ಕೂತರೆ ಗೆಳೆಯರು, ಅವರ ಹೆಂಡತಿಯೂ ನಗುತ್ತಾರೆ, ಇವರ ಚಹಾ ಕಂಪನಿಯಲ್ಲಿ ಇಪ್ಪತ್ತು ವರ್ಷ ಮೂಸಿ, ಸೊರ್ರನೆ ಹೀರಿ, ಉಗುಳಿ, ಇದು ಮಾರಾಟಕ್ಕೆ ಹೋಗಲಿ, ಇದು ಬೇಡ ಎಂದವಳು ನಾನು, ಆ ಮೂಗು ಚಳಿಗಾಲದ ಜ್ವರದಲ್ಲಿ ಸತ್ತುಹೋಯಿತು, ಆಗೊಂದು ದಿನ ಒಲೆಯ ಮೇಲೆ ಹಾಲು ಸೀದು ಕರಿಯಾಗುತ್ತಿದೆ, ನಾನು ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದೇನೆ, ಅಮ್ಮ ಓಡಿಬಂದು ನಿನಗೇನು ಮೂಗಿಲ್ವೇನೆ ಅಂದಳು, ಇಲ್ಲಮ್ಮ, ಇಲ್ಲ — ಅವಳಿಗೂ ಹೇಳಲಿಲ್ಲ, ಹೇಳಿದ್ದು ಚಿಟ್ಟೆಗೆ ಮಾತ್ರ, ನಾನೇ ಕೆಲಸ ಕಲಿಸಿದ ಹುಡುಗಿ, ಒಂದು ಕಡೆ ಕೂರಲ್ಲ ಅಂತ ಆ ಹೆಸರಿಟ್ಟವಳೂ ನಾನೇ, ಅಳ್ಬೇಡ ಅಕ್ಕಾ, ನಿನ್ನ ಮೂಗು ವಾಪಸ್ ಬರೋವರೆಗೂ ನನ್ನ ಮೂಗೇ ನಿಂದು ಅಂದಳು, ಕುರುಡನ ಕೈಗೆ ಕೋಲು ಸಿಕ್ಕ ಹಾಗಾಯಿತು ನನಗೆ, ಚಹಾ ಚೆನ್ನಾಗಿದ್ದರೆ ತೋರುಬೆರಳು ಮೇಜಿನ ಮೇಲೆ ಚಾಚುತ್ತಾಳೆ, ಕೆಟ್ಟಿದ್ದರೆ ಮಡಚುತ್ತಾಳೆ, ನಾನು ಬೆರಳು ನೋಡಿ ಪಂಡಿತೆಯ ಹಾಗೆ ಮಾತಾಡುತ್ತೇನೆ, ಈಗಲೂ ಎದುರಿಗೇ ಕೂತಿದ್ದಾಳೆ, ಆಟಕ್ಕೆಂಬಂತೆ ಬಾಟಲಿಯ ಬಿರಡೆ ಎತ್ತಿ ಮೂಸಿದಳು, ಮೂಗಿನ ಹೊಳ್ಳೆ ಸ್ವಲ್ಪ ಕುಗ್ಗಿತೇ, ಇರಲಿ, ಬೆರಳು ಚಾಚಿತು, ನಾನು ಗ್ಲಾಸು ತಿರುಗಿಸಿ, ಕಣ್ಣು ಮುಚ್ಚಿ, ಗುಟುಕು — ನಾಲಿಗೆಗೆ ಹುಳಿ, ಒಗರು, ಅಷ್ಟೇ — ಸೊಗಸಾಗಿದೆ, ಮಾಗಿದ ಹಣ್ಣು, ಕೊನೆಗೆ ಸ್ವಲ್ಪ ಹೊಗೆ, ಸುರಿಯಪ್ಪ ಎಲ್ಲರಿಗೂ.

ಯಜಮಾನರ ಹೆಂಡತಿ ಗ್ಲಾಸನ್ನು ತುಟಿಯವರೆಗೂ ಒಯ್ಯಲಿಲ್ಲ, ಥೂ, ನೆಲ ಒರೆಸೋ ಒದ್ದೆ ಬಟ್ಟೆ ಮುಚ್ಚಿಟ್ಟ ಹಾಗಿದೆ, ಇದನ್ನ ಹೇಗೆ ಕುಡಿದ್ರಿ ನೀವು, ಯಜಮಾನರು ಮೂಸಿ ಮುಖ ತಿರುಗಿಸಿದರು, ವೇಟರ್ ಮೂಸಿ, ಬಿರಡೆ ಕೆಟ್ಟು ವೈನು ಹಾಳಾಗಿದೆ ಮೇಡಂ, ಬೇರೆ ತರ್ತೀನಿ, ಎಲ್ಲರೂ ನನ್ನನ್ನೇ ನೋಡುತ್ತಾರೆ, ಚಿಟ್ಟೆಗೆ ತಪ್ಪಾಗಿರಬೇಕು, ನೆಗಡಿಯಿರಬೇಕು ಪಾಪ, ಅಕ್ಕಾ ಅನ್ನುತ್ತಾಳೆ, ಮಗುವಿಗೆ ಔಷಧಿ ಕುಡಿಸುವವಳಷ್ಟು ಮೆತ್ತಗೆ, ಇನ್ನೂ ಎಷ್ಟು ದಿನ ಅಂತ ಮುಚ್ಚಿಡ್ತೀಯ, ಸರ್, ಅಕ್ಕಂಗೆ ಆರು ತಿಂಗಳಿಂದ ವಾಸನೆನೇ ಗೊತ್ತಾಗಲ್ಲ, ಅವಳ ಕೆಲಸಾನೂ ನಾನೇ ಮಾಡ್ತಿದೀನಿ, ನಂಗೂ ಸಾಕಾಗಿದೆ — ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು, ಸೋಮವಾರ ರುಚಿ ವಿಭಾಗಕ್ಕೆ ಮುಖ್ಯಸ್ಥೆಯನ್ನು ಆರಿಸುತ್ತಾರೆ, ನಾನು ಇಲ್ಲವೇ ಅವಳು, ಆಗೋದು ನೀನೇ ಅಕ್ಕಾ ಅಂತ ನಿನ್ನೆ ತಾನೇ ಅಂದಿದ್ದಳು, ಯಜಮಾನರು ಕೇಳುತ್ತಿದ್ದಾರೆ, ನಿಜಾನಾ, ಹೌದಾ, ಸುಳ್ಳು ಅಂದರೆ ಇನ್ನೊಂದು ಗ್ಲಾಸು ಮೂಗಿಗೆ ಹಿಡಿಯುತ್ತಾರೆ, ಹೂಂ ಅಂದರೆ ಇಪ್ಪತ್ತು ವರ್ಷ ಹೋಯಿತು, ಹೋಗಲಿ, ಬಾಯಿಬಿಟ್ಟು ಕೇಳಿದ್ದರೆ ನಾನೇ ಬಿಟ್ಟುಕೊಡುತ್ತಿದ್ದೆನಲ್ಲ ಪಾಪಿ — ಕೊಡುತ್ತಿದ್ದೆನೇ, ಗೊತ್ತಿಲ್ಲ — ಹೊಟ್ಟೆ ಉರಿಯುತ್ತಿರುವುದು ಅದಕ್ಕಲ್ಲ, ಅವಳಿಗೆ ಗೊತ್ತಾಗಿತ್ತು, ಬಿರಡೆ ಮೂಸಿದ ಕ್ಷಣವೇ ಗೊತ್ತಾಗಿತ್ತು, ನಾನೂ ಕಣ್ಣಾರೆ ಕಂಡಿದ್ದೆ, ಹೊಳ್ಳೆ ಕುಗ್ಗಿತ್ತು, ಒಂದು ಗಳಿಗೆ ಯೋಚಿಸಿದ್ದಳು, ಮೊದಲು ಹೊಳ್ಳೆ, ಆಮೇಲೆ ಬೆರಳು, ಬಿಳಿ ಮೇಜುಬಟ್ಟೆಯ ಮೇಲೆ ಆ ಬೆರಳು, ಇನ್ನೂ ಚಾಚಿಯೇ ಇದೆ, ಮಡಚುವುದನ್ನೂ ಮರೆತಿದ್ದಾಳೆ, ಬೆರಳು, ನೆಟ್ಟಗೆ, ನನ್ನ ಕಡೆಗೆ